ಪುಸ್ತಕದಲ್ಲಿ ‘ಬಿಡಲಾಗಿದೆ’ ಎಂದಿದೆ

ಆ ಫೋಟೋದಲ್ಲಿ ನಾನು ನಗುತ್ತಿದ್ದೇನೆ. ಕೈತುಂಬ ಮೀನು, ಹಿಂದೆ ಕಾವೇರಿ, ಕಾಲ ಬುಡದಲ್ಲಿ ಕ್ಯಾಮೆರಾ ಹಿಡಿದ ಬಾಮೈದನ ನೆರಳು. ನೋಡಿದವರೆಲ್ಲ ಮೀನಿನ ಗಾತ್ರಕ್ಕೆ ಬೆರಗಾಗುತ್ತಾರೆ. ನನ್ನ ಕಣ್ಣು ಈಗ ಅಲ್ಲಿಗೆ ಹೋಗುವುದಿಲ್ಲ. ಮೀನಿನ ಪಕ್ಕೆಗೆ ಮರಳು ಮೆತ್ತಿಕೊಂಡಿದೆ. ನನ್ನ ಒಣ ಅಂಗೈ ಉಜ್ಜಿ ಲೋಳೆ ಕಿತ್ತುಹೋದ ಕಡೆ ಮೈ ಮಂಕಾಗಿದೆ. ಬಾಯಿ ಪೂರ್ತಿ ತೆರೆದಿದೆ. ಇದು ಆರನೆಯ ಫೋಟೋ. ಇದಾದ ಮೇಲೂ ನಾಲ್ಕು ತೆಗೆದೆವು.

2010ರ ಮಾರ್ಚ್ ಕೊನೆ. ರಾಮನಗರದ ನಮ್ಮ ಫಿಲೇಚರ್‌ನಿಂದ ರೇಷ್ಮೆ ನೂಲು ಕೊಳ್ಳುತ್ತಿದ್ದ ಬೆಂಗಳೂರಿನ ವ್ಯಾಪಾರಿಯೊಬ್ಬರು, ಅರ್ಕಾವತಿ ಕಾವೇರಿಗೆ ಸೇರುವ ಸಂಗಮದಿಂದ ಕೆಳಗೆ ಹೊಳೆದಂಡೆಯ ಒಂದು ಶಿಬಿರಕ್ಕೆ ನನ್ನನ್ನೂ ಬಾಮೈದನನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿ ಗಾಳ ಹಾಕಬಹುದಿತ್ತು, ಆದರೆ ಸಿಕ್ಕ ಬಿಳಿಮೀನನ್ನು ಹೊಳೆಗೇ ಬಿಡಬೇಕಿತ್ತು. ಬಿಳಿಮೀನು ಎಂದರೆ ಪೇಪರಿನವರು ಮಹಶೀರ್ ಎಂದು ಬರೆಯುವ ಮೀನು. ಕಣ್ವ ಜಲಾಶಯದ ದಂಡೆಯಲ್ಲಿ ಬಿದಿರು ಕಡ್ಡಿಗೆ ದಾರ ಕಟ್ಟಿ, ಗೂಡು ಬೇಯಿಸುವ ಬೇಸಿನ್ನಿನಿಂದ ತೆಗೆದ ರೇಷ್ಮೆಹುಳ ಸಿಕ್ಕಿಸಿ ಮೀನು ಹಿಡಿದು ಬೆಳೆದವನು ನಾನು. ಹಿಡಿದು ಬಿಡುವ ಆಟ ನನಗೆ ದೊಡ್ಡ ಮನುಷ್ಯರ ಸಂಸ್ಕಾರದ ಹಾಗೆ ಕಂಡಿತು. ಕೊಲ್ಲದೆ ಖುಷಿಪಡುವುದರಲ್ಲಿ ತಪ್ಪೇನಿದೆ ಎಂದುಕೊಂಡೆ.

ಹೊರಡುವಾಗಲೇ ಅವ್ವ ಕೇಳಿದ್ದಳು. ಅಲ್ಲಿ ಗಾಳಕ್ಕೆ ರಾಗಿಹಿಟ್ಟು ಬೇಯಿಸಿದ ಉಂಡೆ ಕಟ್ಟುತ್ತಾರೆ ಎಂದು ನಾನೇ ಹೇಳಿದ್ದೆ. “ಮುದ್ದೆ ತೋರ್ಸಿ ಕರ್ದು, ಬಾಯಿಗೆ ಕೊಕ್ಕೆ ಹಾಕಿ, ಆಮೇಲೆ ಹೋಗು ಅನ್ನೋದು ಯಾವ ನ್ಯಾಯನಪ್ಪಾ? ತಿನ್ನೋ ಹಂಗಿದ್ರೆ ಹಿಡಿ. ಇಲ್ಲಾಂದ್ರೆ ಮುಟ್ಬ್ಯಾಡ.” ದಿನಾ ಲಕ್ಷ ಹುಳ ಬೇಯಿಸುವ ಮನೆ ನಮ್ಮದು, ನೀನು ಒಂದು ಮೀನಿನ ತುಟಿಗೆ ಅಳುತ್ತೀಯಲ್ಲ ಎಂದೆ. “ಅದು ಹೊಟ್ಟೆಪಾಡು” ಎಂದು ಒಳಗೆ ಹೋದಳು.

ಶಿಬಿರದಲ್ಲಿ ನಮ್ಮ ಜೊತೆಗೆ ಕೊಟ್ಟದ್ದು ಅರವತ್ತು ದಾಟಿದ ಒಬ್ಬ ಮಾರ್ಗದರ್ಶಿಯನ್ನು. ನಮಗೆ ಅವರು ಅಣ್ಣ. ಹರೆಯದಲ್ಲಿ ಅದೇ ಹೊಳೆಗೆ ಸಿಡಿಮದ್ದು ಎಸೆದು ಮೀನು ಎತ್ತಿದವರು. ಶಿಬಿರ ಸಂಬಳ ಕೊಟ್ಟ ಮೇಲೆ ಅದೇ ಮೀನಿಗೆ ಕಾವಲಾಗಿದ್ದರು. ಆ ಭಾಗದಲ್ಲಿ ಹೀಗೆ ಕಸುಬು ಬದಲಾಯಿಸಿದವರು ಇನ್ನೂ ಇದ್ದರು. ಅವರು ದಪ್ಪ ದಾರ ಕೊಟ್ಟರು. ನಾನು ಬೇಡ ಎಂದೆ. ಎಳೆ ಕಡಿಯದ ಹಾಗೆ ಸುತ್ತುವುದು ನನ್ನ ಕಸುಬು, ದಾರದ ಬಿಗಿ ನನ್ನ ಬೆರಳಿಗೆ ಗೊತ್ತು, ಸಣ್ಣ ದಾರ ಕೊಡಿ ಎಂದು ಹಟ ಹಿಡಿದೆ. “ದಾರ ಕಡೀದೇ ಇರ್ಬೋದು ಸ್ವಾಮಿ, ಮೀನು ಸುಸ್ತಾಯ್ತದೆ” ಎಂದರು. ನನ್ನ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ.

ಮಧ್ಯಾಹ್ನ ಎರಡರ ಹೊತ್ತಿಗೆ ಸಿಕ್ಕಿತು. ಬೇಸಿಗೆಯ ಹೊಳೆ, ನೀರು ಇಳಿದು ಬಂಡೆಗಳೆಲ್ಲ ಮೇಲೆದ್ದಿದ್ದವು. ಕಾಲಿಟ್ಟರೆ ನೀರು ಬೆಚ್ಚಗೆ. ಬೆಚ್ಚಗಿನ ನೀರಿನಲ್ಲಿ ಪ್ರಾಣವಾಯು ಕಡಿಮೆ, ಅಲ್ಲಿ ಓಡಿ ದಣಿದ ಮೀನಿಗೆ ಉಸಿರು ಬೇಗ ಹಿಂತಿರುಗುವುದಿಲ್ಲ. ಇದೆಲ್ಲ ನಾನು ಓದಿ ತಿಳಿದದ್ದು ಆಮೇಲೆ. ಆಗ ತಿಳಿದದ್ದು ರೀಲಿನ ಕಿರುಚಾಟ ಮಾತ್ರ. ಮೀನು ನೇರ ಬಂಡೆಗಳ ಸಂದಿಗೆ ನುಗ್ಗಿತು. ತೆಪ್ಪ ಹತ್ತಿ ಅದರ ಹಿಂದೆ ಹೋದರೆ ಬೇಗ ಮುಗಿಯುತ್ತದೆ ಎಂದರು ಅಣ್ಣ. ದಡದಿಂದಲೇ ಎಳೆಯುತ್ತೇನೆ ಎಂದೆ. ಬಾಮೈದ ಹಿಂದಿನಿಂದ ಹುರಿದುಂಬಿಸುತ್ತಿದ್ದ: “ಭಾವ, ಬಿಡ್ಬೇಡಿ! ಮೈಸೂರಿನ ವ್ಯಾನ್ ಇಂಗೆನ್ 120 ಪೌಂಡಿಂದು ಹಿಡ್ದಿದ್ದು ಇಲ್ಲೇ ಕಬಿನಿ ಹೊಳೇಲಿ!” 1946ರ ಆ ದಾಖಲೆಯನ್ನು ಅವನು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದ. ಒಂದು ಗಂಟೆ ಐದು ನಿಮಿಷ ಎಳೆದಾಡಿದೆ. ದಾರ ಕಡಿಯಲಿಲ್ಲ. ನನಗೆ ಅದರದೇ ಹೆಮ್ಮೆ.

ದಡಕ್ಕೆ ಬಂದಾಗ ಅಣ್ಣ ಸೊಂಟದ ನೀರಿಗಿಳಿದು, ಕೊಕ್ಕೆ ಬಿಡಿಸಿ, ಮೀನನ್ನು ನೀರೊಳಗೇ ಹಿಡಿದುಕೊಂಡು ನಿಂತರು. ಬೆನ್ನಿನ ಮೇಲೆ ಡುಬ್ಬ. ರೆಕ್ಕೆಗಳು ಕಿತ್ತಳೆ. ಅವರ ಮುಖ ಬದಲಾಯಿತು. “ಇಂಥದ್ದು ನೋಡಿ ಎಷ್ಟು ವರ್ಷ ಆಗಿತ್ತು. ಇಲ್ಲೇ ಬುಡಾಣ ಸ್ವಾಮಿ” ಎಂದರು. ಬಾಮೈದ ಒಪ್ಪಲಿಲ್ಲ. ನೀರಿನಲ್ಲಿ ಬೆಳಕು ಸರಿಯಿಲ್ಲವಂತೆ. ನಾನೂ ಒಪ್ಪಲಿಲ್ಲ, ಇದನ್ನು ಅವನ ತಲೆಗೆ ಕಟ್ಟುವುದಿಲ್ಲ. ಕಿವಿರಿನೊಳಗೆ ಬೆರಳು ತೂರಿಸಿ, ಮೀನನ್ನು ತಲೆ ಮೇಲಾಗಿ ನೇತುಹಾಕಿಕೊಂಡು ಮರಳಿಗೆ ತಂದೆ. ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದೆವು. ಹದಿನೆಂಟು ಕಿಲೋ. ನೀರು ಹೊತ್ತುಕೊಂಡಿದ್ದ ಮೈಭಾರ, ಹಾಗೆ ನೇತುಹಾಕಿದಾಗ ಪೂರ್ತಿ ದವಡೆಯ ಮೇಲೆ, ಒಳಗಿನ ಅಂಗಾಂಗದ ಮೇಲೆ ಬೀಳುತ್ತದೆ. ಮೊದಲ ಫೋಟೋ, ಎರಡನೆಯದು. ನಡುವೆ ಬ್ಯಾಟರಿ ಮುಗಿಯಿತು. ಹೊಸದನ್ನು ಬ್ಯಾಗಿನಿಂದ ಹುಡುಕಿ ತೆಗೆಯುವಷ್ಟು ಹೊತ್ತು ಮೀನನ್ನು ಬಿಸಿ ಮರಳಿನ ಮೇಲೆ ಮಲಗಿಸಿದ್ದೆ. ಅದು ಬಾಲ ಬಡಿಯಲಿಲ್ಲ. ಕಿವಿರು ಒಮ್ಮೆ ತೆರೆಯಿತು, ಬಹಳ ಹೊತ್ತಿನ ಮೇಲೆ ಮುಚ್ಚಿತು. “ಸಾಕು ಬುಡಿ ಸ್ವಾಮಿ, ಉಸ್ರು ಕಟ್ತಾ ಅದೆ” ಎಂದು ಅಣ್ಣ ಮೂರು ಸಲ ಹೇಳಿದರು. ಮೂರನೆಯ ಸಲ ಕೈ ಮುಗಿದರು. ಆ ವಯಸ್ಸಿನವರು ನನಗೆ ಕೈಮುಗಿದಾಗಲೂ ನಾನು ಕ್ಯಾಮೆರಾ ಕಡೆಗೇ ನೋಡುತ್ತಿದ್ದೆ.

ನೀರಿಗೆ ಬಿಟ್ಟರೆ ಹೊಟ್ಟೆ ಮೇಲಾಯಿತು. ಅಣ್ಣ ಅದನ್ನು ಹರಿವಿಗೆ ಮುಖಮಾಡಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ನಿಂತರು. ಎಳೆಗೂಸನ್ನು ನೀರು ಹುಯ್ಯಲು ಕಾಲ ಮೇಲೆ ಮಲಗಿಸಿಕೊಂಡ ಬಾಣಂತಿಯ ಕೈಯಂತಿತ್ತು ಆ ಕೈ. ನಲವತ್ತು ನಿಮಿಷ ಮಾತಿಲ್ಲ. ಕೊನೆಗೆ ಬಾಲ ಒಂದಿಷ್ಟು ಆಡಿತು, ಮೀನು ನಿಧಾನ ಆಳಕ್ಕೆ ಸರಿಯಿತು. ನಾವು ಚಪ್ಪಾಳೆ ಹೊಡೆದೆವು. ಅಣ್ಣ ಹೊಡೆಯಲಿಲ್ಲ.

ಮರುದಿನ ಬೆಳಿಗ್ಗೆ ಅವರೇ ನನ್ನ ಗುಡಾರದ ಮುಂದೆ ನಿಂತು “ಬನ್ನಿ ಸ್ವಾಮಿ” ಎಂದು ಕರೆದುಕೊಂಡು ಹೋದರು. ಅರ್ಧ ಫರ್ಲಾಂಗು ಕೆಳಗೆ, ಎರಡು ಬಂಡೆಗಳ ನಡುವಿನ ಮಡುವಿನಲ್ಲಿ ಅದು ಸಿಕ್ಕಿಕೊಂಡಿತ್ತು. ಕಣ್ಣನ್ನು ಹದ್ದು ಕುಕ್ಕಿತ್ತು. ಕಿತ್ತಳೆ ರೆಕ್ಕೆ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಅಣ್ಣ ಬೈಯಲಿಲ್ಲ. ಬೈದಿದ್ದರೆ ಆ ನೋವು ಇಷ್ಟು ವರ್ಷ ಉಳಿಯುತ್ತಿರಲಿಲ್ಲವೇನೋ. ಶಿಬಿರದ ಪುಸ್ತಕದಲ್ಲಿ ಹಿಂದಿನ ರಾತ್ರಿಯೇ ಬರೆದಾಗಿತ್ತು: ತೂಕ, ಹೊತ್ತು, ನನ್ನ ಹೆಸರು, ಮುಂದೆ ‘ಬಿಡಲಾಗಿದೆ’. ಅದನ್ನು ತಿದ್ದಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಆ ಪದ ಕಂಡಲ್ಲೆಲ್ಲ ನನ್ನ ಕಣ್ಣು ನಿಲ್ಲುತ್ತದೆ. ಅದೇ ಹೊಳೆಯ ಗಲಿಬೋರೆ ಶಿಬಿರದ ಇಂಥದೇ ದಾಖಲೆ ಇಟ್ಟುಕೊಂಡು ವಿಜ್ಞಾನಿಗಳು 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳಕ್ಕೆ 6,161 ಮಹಶೀರ್ ಸಿಕ್ಕಿದ್ದವು. ವರ್ಷ ಕಳೆದಂತೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ಗಾತ್ರ ಇಳಿದಿತ್ತು. ಬಹುಪಾಲು ನೀಲಿ ರೆಕ್ಕೆಯ ತಳಿ. ಅದರ ಮರಿಗಳನ್ನು ಲೋಣಾವಳದಲ್ಲಿ ಬೆಳೆಸಿ, ಮಹಶೀರ್ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೆ ತಂದು ಬಿಟ್ಟಿದ್ದರು. ಕಾವೇರಿಯದೇ ಆದ ಡುಬ್ಬದ ಮೀನು ಮಾತ್ರ ಕರಗುತ್ತಾ ಬಂದಿತ್ತು. 2018ರಲ್ಲಿ ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಜೊತೆಗಾರರು ಅದಕ್ಕೆ ‘ಟಾರ್ ರೆಮಾದೇವಿ’ ಎಂಬ ಸರಿಯಾದ ವೈಜ್ಞಾನಿಕ ಹೆಸರನ್ನು ಗುರುತಿಸಿದರು. ಅದೇ ವರ್ಷ ಅದು ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಳಿವಿನ ತೀರ ಅಂಚಿನ ಜೀವಿಗಳ ಸಾಲಿಗೆ ಸೇರಿತು. ಪೇಪರಿನಲ್ಲಿ ಕಿತ್ತಳೆ ರೆಕ್ಕೆಯ ಚಿತ್ರ ನೋಡಿದ ದಿನ ನಾನು ಫಿಲೇಚರ್‌ಗೆ ಹೋಗಲಿಲ್ಲ.

ಇಷ್ಟಾದರೂ, ಗಾಳವೊಂದೇ ಪಾಪ ಎನ್ನುವವರ ಜೊತೆ ನನಗೆ ಜಗಳವಿದೆ. 2012ರ ಹೊತ್ತಿಗೆ ಕಾವೇರಿ ಅಭಯಾರಣ್ಯದೊಳಗೆ ಗಾಳ ನಿಂತಿತು. ಕಾಡಿನ ಜೀವಿಯನ್ನು ಹಿಡಿಯುವುದೂ ಬೇಟೆಯೇ ಎಂಬುದು ಕಾನೂನಿನ ಮಾತು, ನನ್ನಂಥವನನ್ನು ನೋಡಿದರೆ ಅದು ಸರಿಯೇ. ಆದರೆ ಹಗಲೂ ರಾತ್ರಿ ದಂಡೆಯಲ್ಲಿ ಮನುಷ್ಯರಿದ್ದರು ಎಂಬ ಕಾರಣಕ್ಕೇ ಮದ್ದು ಎಸೆಯುವವರು ಆ ಕಡೆ ಬರಲು ಅಂಜುತ್ತಿದ್ದರು. ಅಣ್ಣನ ಕೆಲಸ ಹೋಯಿತು. ಅವರ ಪರವಾಗಿ ಒಬ್ಬ ಅಧಿಕಾರಿಯ ಬಳಿ ಹೋಗಿ, ಇವರನ್ನು ಕಾವಲಿಗಾದರೂ ಇಟ್ಟುಕೊಳ್ಳಿ, ಹೊಳೆಯ ಒಂದೊಂದು ಮಡುವೂ ಇವರಿಗೆ ಗೊತ್ತು ಎಂದೆ. ಫೈಲಿನಿಂದ ತಲೆ ಎತ್ತದೆ “ಮೀನು ತನ್ನನ್ನ ತಾನೇ ನೋಡ್ಕೊಳತ್ತೆ ಬಿಡ್ರಿ” ಎಂದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮೀನು ತನ್ನನ್ನು ತಾನು ನೋಡಿಕೊಳ್ಳುವ ಹೊಳೆ ಎಲ್ಲಿದೆ? ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಬಂದು ಸೇರುವುದು ಅರ್ಕಾವತಿಗೆ. ರಾಮನಗರದಲ್ಲಿ ಗೂಡು ಬೇಯಿಸಿದ ನಮ್ಮ ನೀರು ಹೋಗುವುದೂ ಅದಕ್ಕೇ. ಅದೆಲ್ಲ ಕನಕಪುರ ದಾಟಿ, ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ, ಆ ಮೀನಿದ್ದ ನೀರಿಗೆ. ಈ ಮಾತು ಅಲ್ಲಿ ಆಡಲು ಹೋಗಿ ಅರ್ಧಕ್ಕೆ ನಿಂತೆ. ನನ್ನ ಬೇಸಿನ್ನಿನ ವಾಸನೆ ನನ್ನ ಅಂಗಿಯಲ್ಲೇ ಇತ್ತು.

ಗಾಳ ಹಿಡಿಯುವ ಹುಡುಗರು ಈಗಲೂ ನನ್ನ ಬಳಿ ಬರುತ್ತಾರೆ. ಅವರಿಗೆ ಹೇಳುವುದು ಇಷ್ಟೇ. ಅಭಯಾರಣ್ಯದ ಕಡೆ ಹೋಗಬೇಡಿ. ಕೆರೆ, ಜಲಾಶಯಗಳಲ್ಲಿ ಮೀನಿನ ಗುತ್ತಿಗೆ ಹಿಡಿದವರನ್ನು ಕೇಳಿಯೇ ಕೂರಿ. ಬಿಡುವ ಮನಸ್ಸಿದ್ದರೆ ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಮೊದಲೇ ಅದುಮಿಬಿಡಿ, ದಪ್ಪ ದಾರ ಕಟ್ಟಿ, ಬೇಗ ಎಳೆದುಕೊಳ್ಳಿ. ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಬೇಡಿ, ನೀರಿನಿಂದ ಎತ್ತಲೇಬೇಡಿ. ಕೊಕ್ಕೆ ನುಂಗಿದ್ದರೆ ಕೀಳದೆ ದಾರ ಕತ್ತರಿಸಿ. ಸುಡುಬೇಸಿಗೆಯಲ್ಲಿ ಮನೆಯಲ್ಲೇ ಇರಿ. ಫೋಟೋ ಬೇಕೇ ಬೇಕು ಎನ್ನುವ ನೆಂಟರನ್ನು ಕರೆದುಕೊಂಡು ಹೋಗಬೇಡಿ. ಹುಡುಗರು ತಲೆಯಾಡಿಸುತ್ತಾರೆ, ಆಮೇಲೆ ಮೊಬೈಲ್ ತೆಗೆದು ತಾವು ಹಿಡಿದದ್ದನ್ನು ತೋರಿಸುತ್ತಾರೆ. ಎಲ್ಲ ಚಿತ್ರದಲ್ಲೂ ಮೀನು ಒಣನೆಲದ ಮೇಲಿರುತ್ತದೆ.

ಕಳೆದ ವರ್ಷ ಮಗಳು ಹಟ ಮಾಡಿದಳೆಂದು ಹದಿನಾಲ್ಕು ವರ್ಷದ ಮೇಲೆ ಗಾಳ ಮುಟ್ಟಿದೆ. ಗುತ್ತಿಗೆಯವರನ್ನು ಕೇಳಿ ಕಣ್ವದ ದಂಡೆಯಲ್ಲಿ ಕೂತೆವು. ಸಿಕ್ಕಿದ್ದು ಎರಡು ಜಿಲೇಬಿ. ಹೊರದೇಶದಿಂದ ಬಂದು ನಮ್ಮ ಕೆರೆಗಳನ್ನೆಲ್ಲ ತುಂಬಿಕೊಂಡ ಮೀನು. ಮಗಳು “ಬಿಡೋಣವಾ ಅಪ್ಪ?” ಎಂದಳು. ಬೇಡ ಎಂದು ಚೀಲಕ್ಕೆ ಹಾಕಿ ಮನೆಗೆ ತಂದೆ. ಅವ್ವನಿಗೆ ಈಗ ಕಣ್ಣು ಮಂಜು. ಹಿತ್ತಲಿನ ಕಲ್ಲಿನ ಮೇಲೆ ಬೂದಿ ಹಾಕಿ ಉಜ್ಜುತ್ತಾ, ಬೆರಳಿನಿಂದಲೇ ಹುರುಪೆ ಹುಡುಕುತ್ತಾ, ಸಾರಿಗೆ ಎಷ್ಟು ಹುಣಸೆಹಣ್ಣು ನೆನೆಹಾಕಿದ್ದೀರಿ ಎಂದು ಒಳಕ್ಕೆ ಕೂಗಿ ಕೇಳಿದಳು.