ಬಿಲ್ ಜಮಾ ಆಗುವ ಮೊದಲೇ ಲೆಕ್ಕ ಬರೆದಿಡಿ

ಜಮಖಂಡಿ, ಮುಧೋಳ, ಬೀಳಗಿ ಭಾಗದ ಕಬ್ಬು ಬೆಳೆಗಾರರಿಗೆ ವರ್ಷದ ಗಳಿಕೆಯೆಲ್ಲ ಒಂದೆರಡು ಕಂತಿನಲ್ಲಿ ಬರುತ್ತದೆ. ರಬಕವಿ-ಬನಹಟ್ಟಿಯ ಮಜೂರಿ ನೇಕಾರರಿಗೆ ವಾರ ವಾರ ಸ್ವಲ್ಪ ಸ್ವಲ್ಪ, ಅದೂ ಸೀರೆಗೆ ಬೇಡಿಕೆ ಇದ್ದಾಗ. ದಿನಸಿ, ಶಾಲೆಯ ಫೀ, ಔಷಧಿಗಳ ಖರ್ಚು ಮಾತ್ರ ತಿಂಗಳು ತಪ್ಪದೆ ಎದುರು ನಿಲ್ಲುತ್ತದೆ. ದುಡಿಯುವ ಮನೆಯನ್ನೂ ಕೈಗಡಕ್ಕೆ ದೂಡುವುದು ಈ ಅಂತರವೇ. ಹಾಗಾಗಿ ಯಾವ ಹಣ ಎಲ್ಲಿಗೆ ಹೋಗಬೇಕೆಂಬುದು ಹಣ ಬರುವ ಮೊದಲೇ ತೀರ್ಮಾನವಾಗಿರಬೇಕು. ಕಬ್ಬಿನ ಬಿಲ್ ಜಮಾ ಆದ ದಿನ ಕೇಳುವವರು ಹೆಚ್ಚು, ಯೋಚಿಸಲು ವ್ಯವಧಾನ ಕಡಿಮೆ.

ಮೊದಲ ಕೆಲಸ, ಮನೆಯ ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತರುವುದು. ‘ತಿಂಗಳಿಗೆ ನೂರಕ್ಕೆ ಎರಡು’ ಎಂದಾಗ ಹಗುರವಾಗಿ ಕೇಳಿಸುವ ಕೈಗಡ ವರ್ಷಕ್ಕೆ ಶೇ 24 ಆಗುತ್ತದೆ. 1 ಲಕ್ಷಕ್ಕೆ 24,000 ರೂಪಾಯಿ. ಅದೇ 1 ಲಕ್ಷವನ್ನು ಶೇ 7ರ ಠೇವಣಿಯಲ್ಲಿಟ್ಟರೆ ಸಿಗುವುದು 7,000. ಕೈಗಡ ಉಳಿಸಿಕೊಂಡು ಠೇವಣಿ ಇಡುವವರು ವರ್ಷಕ್ಕೆ 17,000 ಕಳೆದುಕೊಳ್ಳುತ್ತಾರೆ. ಸಹಕಾರ ಸಂಘದ ಬೆಳೆ ಸಾಲದ ಮಾತು ಬೇರೆ. 5 ಲಕ್ಷದವರೆಗಿನ ಅಲ್ಪಾವಧಿ ಸಾಲಕ್ಕೆ ರಾಜ್ಯದ ಯೋಜನೆಯಲ್ಲಿ ಬಡ್ಡಿಯಿಲ್ಲ, ಆದರೆ ಗಡುವು ಮೀರಿದರೆ ಆ ರಿಯಾಯಿತಿ ತಪ್ಪುತ್ತದೆ. ಆದ್ದರಿಂದ ಗಡುವಿನ ಬೆಳೆ ಸಾಲ ಮೊದಲು, ಕೈಗಡ ಆಮೇಲೆ, ಅಡ ಇಟ್ಟ ಬಂಗಾರ ಕೊನೆಗೆ. ಹೆಚ್ಚು ತಗಾದೆ ಮಾಡುವವರಿಗೆ ಮೊದಲು ಕೊಡುವ ರೂಢಿ ಬಿಡಬೇಕು.

‘ಕೈಗಡ ಕೊಟ್ಟವರೇ ಅಲ್ಲವೇ ನಡುರಾತ್ರಿ ಆಸ್ಪತ್ರೆಗೆ ಹೋಗುವಾಗ ಕಾಗದ-ಪತ್ರ ಕೇಳದೆ ದುಡ್ಡು ಕೊಡುವವರು?’ ಎಂದು ಕೇಳಬಹುದು. ಈ ಮಾತಿನಲ್ಲಿ ಸತ್ಯವಿದೆ, ಬ್ಯಾಂಕು ಆ ಹೊತ್ತಿಗೆ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಎರಡನೆಯ ಹೆಜ್ಜೆ: ಮೂರು ತಿಂಗಳ ಮನೆಖರ್ಚನ್ನು ಉಳಿತಾಯ ಖಾತೆಯಲ್ಲಿ ಮುಟ್ಟದೆ ಇಡುವುದು. ಕಬ್ಬಿನವರು ಇದನ್ನು ಬಿಲ್ಲಿನಿಂದ ಒಮ್ಮೆಗೇ ತೆಗೆದಿಡಬಹುದು. ಮಗ್ಗದವರಿಗೆ ಒಂದೇ ವರ್ಷದಲ್ಲಿ ಇದು ಆಗದ ಮಾತು. ಕೈತುಂಬ ಕೆಲಸವಿರುವ ವಾರಗಳಲ್ಲಿ ಪಗಾರ ಕೈಸೇರಿದ ದಿನವೇ ಇಷ್ಟೆಂದು ಖಾತೆಗೆ ಹಾಕುತ್ತ ಹೋಗಬೇಕು. ಇದರ ಜೊತೆಗೆ ವಿಮೆಯೂ ಇರಲಿ: ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ, ತಲಾ 2 ಲಕ್ಷದ ಈ ಎರಡೂ ವಿಮೆಗಳನ್ನು ಬ್ಯಾಂಕಿನಲ್ಲೇ ಮಾಡಿಸಬಹುದು. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು ಅಪಘಾತ ವಿಮೆಯಿಲ್ಲದೆ ರಸ್ತೆಗಿಳಿಯಬಾರದು.

ಇಷ್ಟಾದ ಮೇಲೆ ಉಳಿದ ಹಣ ಎಲ್ಲಿಡಬೇಕು? ಊರಿನ ಪತ್ತಿನ ಸಂಘವೋ ಸೌಹಾರ್ದವೋ ಬ್ಯಾಂಕಿಗಿಂತ ಒಂದೆರಡು ಶೇಕಡ ಹೆಚ್ಚು ಕೊಟ್ಟೀತು, ನಿರ್ದೇಶಕರು ಪರಿಚಯದವರೂ ಇರಬಹುದು. ಆದರೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಸಿಗುವ ಠೇವಣಿ ವಿಮೆ ಸಹಕಾರ ಬ್ಯಾಂಕುಗಳಿಗೂ ಉಂಟು, ಪತ್ತಿನ ಸಂಘಗಳಿಗೆ ಮತ್ತು ಸೌಹಾರ್ದಗಳಿಗೆ ಇಲ್ಲ. ಒಂದೆರಡು ಶೇಕಡದ ಆಸೆಗೆ ಅಸಲನ್ನೇ ಒಡ್ಡುವುದು ಸರಿಯಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಡುವ ಬೀಳಗಿ ಭಾಗದ ಕುಟುಂಬಗಳಂತೂ ಈ ವಿಷಯದಲ್ಲಿ ಬಹಳ ಎಚ್ಚರವಾಗಿರಬೇಕು. ಮುಳುಗಡೆ ಪರಿಹಾರ ಒಂದು ಬೆಳೆಯ ಹಣವಲ್ಲ. ಮುಂದೆಂದೂ ಬೆಳೆ ಕೊಡದ ಹೊಲದ ಬೆಲೆ. ಅದರಲ್ಲಿ ಮೊದಲು ಬದಲಿ ಜಮೀನು, ಆಮೇಲೆ ಮನೆ. ಉಳಿದದ್ದನ್ನು ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿಡಬಹುದು. ಜಂಟಿ ಖಾತೆಗೆ 15 ಲಕ್ಷದ ಮಿತಿಯಿದೆ, ಸರ್ಕಾರದ ಖಾತ್ರಿಯಿದೆ, ಬಡ್ಡಿ ತಿಂಗಳು ತಿಂಗಳು ಬರುತ್ತದೆ.

ಕೊನೆಯದಾಗಿ, ಬಿಲ್ಲಿನ ತಾರೀಖನ್ನು ನಂಬಿ ಮದುವೆ, ಮನೆ ಕಟ್ಟುವ ಕೆಲಸ ಶುರು ಮಾಡಬೇಡಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು. ಆ ಬಡ್ಡಿ ರೈತರ ಹಕ್ಕು. ತೂಕದ ಚೀಟಿಗಳನ್ನು ಜೋಪಾನವಾಗಿಟ್ಟು ಲಿಖಿತವಾಗಿ ಕೇಳಿ. ಖರ್ಚಿಗೆ ಕೈಹಾಕುವುದು ಮಾತ್ರ ಖಾತೆಗೆ ಹಣ ಬಿದ್ದ ಮೇಲೆ.