ಓಲ್ಡ್ ವಾರ್ಡನ್‌ಗೆ ಹೋದರೆ ಸಂಜೆ ಪ್ರದರ್ಶನಕ್ಕೇ ಹೋಗಿ

ಮಾಡೆಲ್ ವಿಮಾನ ಕಟ್ಟುವ ಹುಚ್ಚಿದ್ದವರಿಗೆ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋಗುವ ಯೋಗ ಕೂಡಿಬಂದರೆ, ಬೇರೇನು ತಪ್ಪಿದರೂ ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್ ತಪ್ಪಬಾರದು. ಅಲ್ಲಿನ ಶಟಲ್‌ವರ್ತ್ ಸಂಗ್ರಹದ ನೂರು ವರ್ಷ ದಾಟಿದ ವಿಮಾನಗಳು ಇಂದಿಗೂ ಹಾರುತ್ತವೆ. ಯಲಹಂಕದ ಏರೋ ಇಂಡಿಯಾದಲ್ಲಿ ಕಿವಿ ಗಡಚಿಕ್ಕುವ ಜೆಟ್‌ಗಳನ್ನು ಕಂಡವರಿಗೆ ಇಲ್ಲಿನ ಗತಿಯೇ ಬೇರೆ ಅನ್ನಿಸುತ್ತದೆ. ಹುಲ್ಲಿನ ರನ್‌ವೇ, ಬಟ್ಟೆ ಹೊದಿಸಿದ ರೆಕ್ಕೆ, ಕಣ್ಣಿಗೆ ಎಟಕುವಷ್ಟು ನಿಧಾನವಾದ ಹಾರಾಟ.

ಪ್ರದರ್ಶನಗಳು ಹೆಚ್ಚಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇರುತ್ತವೆ. ಹಗಲಿನದು, ಸಂಜೆಯದು ಎರಡೂ ಇದ್ದರೆ ಸಂಜೆಯದನ್ನೇ ಆರಿಸಿ. ಕಾರಣ ಗಾಳಿ. ಇಲ್ಲಿನ ಬ್ಲೇರಿಯೊ 1909ರದು. ಅದಕ್ಕೆ ಐಲರಾನ್ ಇಲ್ಲ, ತಂತಿ ಎಳೆದು ರೆಕ್ಕೆಯನ್ನೇ ತಿರುಚಿ ವಾಲಿಸಬೇಕು. ತುಸು ಗಾಳಿ ಬೀಸಿದರೂ ಅದನ್ನು ಹೊರಗೆ ತೆಗೆಯುವುದಿಲ್ಲ. ಎಲೆ ಅಲುಗದಂಥ ಹೊತ್ತಿನಲ್ಲಿ ಮಾತ್ರ ರನ್‌ವೇ ಮೇಲೆ ನೇರವಾಗಿ ಒಂದು ಪುಟ್ಟ ಜಿಗಿತ. 1910ರ ಡೆಪರ್‌ಡ್ಯುಸಿನ್ ಮತ್ತು 1965ರ ಒಂದು ಸಿನಿಮಾಕ್ಕಾಗಿ ಕಟ್ಟಿದ ಬಾಕ್ಸ್‌ಕೈಟ್‌ನ ಪ್ರತಿಕೃತಿಯೂ ಗಾಳಿ ಇಳಿಯುವುದನ್ನೇ ಕಾಯುತ್ತವೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಜನ ಗಂಟುಮೂಟೆ ಕಟ್ಟತೊಡಗಿದರೂ ನೀವು ಏಳಬೇಡಿ. ಗಾಳಿ ಇಳಿಯದೇ ಹೋದರೆ ಅವು ಹೊರಗೆ ಬರುವುದಿಲ್ಲ. ರಜೆ ಇದ್ದರೆ ಎರಡು ಪ್ರದರ್ಶನಗಳಿಗೆ ಜಾಗ ಇಟ್ಟುಕೊಳ್ಳಿ.

ಹಾರಾಟಕ್ಕೆ ಕೆಲವು ಗಂಟೆ ಮೊದಲೇ ಹೋಗಿ ಹ್ಯಾಂಗರ್‌ಗಳಲ್ಲಿ ಅಡ್ಡಾಡಿ. ಇವೆಲ್ಲ ರಿಚರ್ಡ್ ಶಟಲ್‌ವರ್ತ್ ಎಂಬ ಯುವಕ ಶುರುಮಾಡಿದ ಸಂಗ್ರಹ. 1940ರಲ್ಲಿ ವಾಯುಪಡೆಯ ರಾತ್ರಿ ಹಾರಾಟದಲ್ಲಿ ಆತ ತೀರಿಕೊಂಡಾಗ ವಯಸ್ಸು 31. ತಾಯಿ ಡೊರೊಥಿ 1944ರಲ್ಲಿ ಮಗನ ನೆನಪಿಗೆ ಟ್ರಸ್ಟ್ ಮಾಡಿದರು. ಸ್ಕೇಲ್ ಮಾಡೆಲ್ ಕಟ್ಟುವವರು ಇಡೀ ವಿಮಾನದ ಫೋಟೊಗಿಂತ ತಂತಿಗಳ ತುದಿ, ರಿಬ್ ಮೇಲಿನ ಹೊಲಿಗೆ, ಚಕ್ರದ ಕಡ್ಡಿ, ಬಾಲದ ಕೆಳಗಿನ ಸ್ಕಿಡ್ ಇವುಗಳ ಫೋಟೊ ತೆಗೆದುಕೊಳ್ಳಿ. ಪ್ಲಾನ್ ಹಾಳೆಯಲ್ಲಿ ಸಿಗದ ಸಂಗತಿಗಳು ಇವೇ. 1934ರಲ್ಲಿ ಇಂಗ್ಲೆಂಡ್‌ನಿಂದ ಆಸ್ಟ್ರೇಲಿಯಾಕ್ಕೆ ನಡೆದ ಪಂದ್ಯ ಗೆದ್ದ ಕೆಂಪು ಡಿ.ಹೆಚ್. 88 ಕಾಮೆಟ್ ಕೂಡ ಇಲ್ಲಿದೆ.

ಆವ್ರೊ 504 ಅಥವಾ ಸಾಪ್‌ವಿತ್ ಪಪ್ ಶುರುವಾಗುವಾಗ ಗಾಳಿಯ ದಿಕ್ಕು ನೋಡಿ ನಿಂತುಕೊಳ್ಳಿ. ಇವುಗಳ ರೋಟರಿ ಎಂಜಿನ್‌ನಲ್ಲಿ ಪ್ರೊಪೆಲರ್ ಜತೆಗೆ ಸಿಲಿಂಡರ್‌ಗಳೂ ಗಿರಗಿರ ತಿರುಗುತ್ತವೆ. ಹಾಕುವ ಎಣ್ಣೆ ಹರಳೆಣ್ಣೆ. ಗ್ಲೋ ಎಂಜಿನ್ ಓಡಿಸಿದವರಿಗೆ ಆ ಹೊಗೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಗುರುತು ಸಿಗುತ್ತದೆ, ನಮ್ಮ ಇಂಧನದಲ್ಲೂ ಅದೇ ಎಣ್ಣೆ ಇರುವುದರಿಂದ. ಇಳಿಯುವಾಗ ಪೈಲಟ್ ಗುಂಡಿ ಒತ್ತಿ ಒತ್ತಿ ಇಗ್ನಿಷನ್ ಕಡಿಯುತ್ತಾನೆ. ಎಂಜಿನ್ ಬಿಟ್ಟು ಬಿಟ್ಟು ಗುರ್ರೆನ್ನುವ ಆ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಿ.

ಇದೇ ಮೈದಾನದಲ್ಲಿ ಮಾಡೆಲ್ ವಿಮಾನಗಳಿಗೆಂದೇ ವಾರಾಂತ್ಯದ ಮೇಳಗಳೂ ನಡೆಯುತ್ತವೆ. ಅವುಗಳ ದಿನಾಂಕ ನೋಡಿಕೊಂಡೇ ವಿಮಾನದ ಟಿಕೆಟ್ ತೆಗೆಸುವುದು ಜಾಣತನ.

ಲಂಡನ್‌ನ ಸೇಂಟ್ ಪ್ಯಾಂಕ್ರಸ್‌ನಿಂದ ಬಿಗಲ್ಸ್‌ವೇಡ್‌ಗೆ ರೈಲಿದೆ. ಅಲ್ಲಿಂದ ಮುಂದಿನ ಕೆಲವು ಕಿಲೋಮೀಟರ್‌ಗೆ ಬಸ್ ನೆಚ್ಚಬೇಡಿ. ಟ್ಯಾಕ್ಸಿ ಗೊತ್ತುಮಾಡಿ, ವಾಪಸಿಗೂ ಮೊದಲೇ ಹೇಳಿಡಿ. ರಾತ್ರಿ ಆ ಊರಲ್ಲೇ ಉಳಿದರೆ ಇನ್ನೂ ನಿರಾಳ. ಇನ್ನೊಂದು ದಿನ ಸಿಕ್ಕರೆ ಕೇಂಬ್ರಿಜ್ ಬಳಿಯ ಡಕ್ಸ್‌ಫರ್ಡ್; 1938ರಲ್ಲಿ ಸ್ಪಿಟ್‌ಫೈರ್ ಮೊದಲು ಸೇವೆಗೆ ಸೇರಿದ್ದು ಅಲ್ಲೇ.

ನಿಮ್ಮದೇ ಮಾಡೆಲ್ ಒಯ್ಯುವುದಾದರೆ ಬ್ಯಾಟರಿಯದ್ದು ಒಯ್ಯಿರಿ. ಗ್ಲೋ ಇಂಧನವನ್ನು ಯಾವ ವಿಮಾನದಲ್ಲೂ ಬಿಡುವುದಿಲ್ಲ. ಬಿಡಿ ಲಿಪೊಗಳು ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಸುತ್ತಿರಬೇಕು. ಸಾಮಾನ್ಯ ಮಿತಿ 100 ವಾಟ್-ಅವರ್. ಮೂರು ಸೆಲ್‌ನ 2200 ಎಂಎಎಚ್ ಪ್ಯಾಕ್ 25ರ ಒಳಗೇ ಬರುತ್ತದೆ. ಹಾರಿಸುವ ಮೊದಲು ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರದ ನೋಂದಣಿ ನಿಯಮ ಓದಿ. ಬ್ರಿಟಿಷ್ ಮಾಡೆಲ್ ಫ್ಲೈಯಿಂಗ್ ಅಸೋಸಿಯೇಷನ್‌ಗೆ ಸೇರಿದ ಯಾವುದಾದರೂ ಕ್ಲಬ್‌ಗೆ ಮುಂಚೆಯೇ ಬರೆದು, ಅತಿಥಿಯಾಗಿ ಬರಬಹುದೇ, ವಿಮೆ ಹೇಗೆ ಎಂದು ಕೇಳಿಕೊಳ್ಳಿ. ಜುಲೈ ಆದರೂ ಸಂಜೆ ಮೈದಾನದಲ್ಲಿ ಚಳಿ ಹಿಡಿಯುತ್ತದೆ. ಸ್ವೆಟರ್, ಮಳೆಕೋಟು ಎರಡೂ ಚೀಲದಲ್ಲಿರಲಿ.