ಏಳು ಊರು, ಎಂಟು ಗಂಟೆಯ ಹಗಲು

ಕಾವ್ಯಾ,

ನೀನು ಕಳಿಸಿದ ಪಟ್ಟಿ ನೋಡಿದೆ. ಪ್ಯಾರಿಸ್‌ನಿಂದ ಬುಡಾಪೆಸ್ಟ್‌ವರೆಗೆ, ಡಿಸೆಂಬರಿನ 12 ದಿನಕ್ಕೆ 7 ಊರು! ಪ್ರವಾಸ ನಿಮ್ಮಿಬ್ಬರದು, ತೀರ್ಮಾನವೂ ನಿಮ್ಮದೇ. ಆದರೂ ಹೇಳದೆ ಇರಲಾರೆ. ಚಳಿಗೆಂದು ಕೋಟು, ಕೈಗವಸು ಎಲ್ಲ ಕೊಂಡಿದ್ದೀರಿ. ಬೆಳಕಿನ ಲೆಕ್ಕ ಮಾತ್ರ ಹಾಕಿಲ್ಲ. ಡಿಸೆಂಬರ್ 21ರ ಸುಮಾರಿಗೆ ಬೆಂಗಳೂರಿನಲ್ಲಿ 11 ಗಂಟೆಗೂ ಮಿಕ್ಕಿ ಹಗಲಿದ್ದರೆ, ವಿಯೆನ್ನಾದಲ್ಲಿ ಎಂಟೂವರೆ ಗಂಟೆಯೂ ಇರುವುದಿಲ್ಲ. ಸಂಜೆ 4ಕ್ಕೇ ಸೂರ್ಯ ಮುಳುಗುತ್ತಾನೆ. ಪ್ರಾಗ್‌ನಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು 4 ಗಂಟೆ. ರೂಮು ಖಾಲಿ ಮಾಡಿ, ಸೂಟ್‌ಕೇಸ್ ಎಳೆದುಕೊಂಡು ಸ್ಟೇಷನ್ ಸೇರಿ, ಇಳಿದು ಇನ್ನೊಂದು ರೂಮು ಹಿಡಿಯುವಷ್ಟರಲ್ಲಿ ಅವತ್ತಿನ ಹಗಲು ಮುಗಿದಿರುತ್ತದೆ. 7 ಊರೆಂದರೆ ಇಂಥ 6 ದಿನ. ಪ್ರವಾಸದ ಅರ್ಧ ಕಿಟಕಿಯಾಚೆಗೇ ಹೋಯಿತು.

ಮತ್ತೆ ಹೋಗುವ ಯೋಗ ಯಾವಾಗಲೋ, ವೀಸಾಕ್ಕೇ ತಲಾ 90 ಯೂರೋ ತೆರಬೇಕಲ್ಲ ಎನ್ನುತ್ತೀಯ. ತೆಗೆದುಹಾಕುವ ಮಾತಲ್ಲ. ಆ ಹಸಿವು ನಿಮಗೆ ಬಂದಿರುವುದೇ ನಮ್ಮ ತಲೆಮಾರಿನಿಂದ. 1970ರ ದಶಕದಲ್ಲಿ ವಿದೇಶಕ್ಕೆ ಹೊರಟವರ ಕೈಗೆ ಸಿಗುತ್ತಿದ್ದದ್ದು ಬೆರಳೆಣಿಕೆಯ ಡಾಲರ್. ಮಿಕ್ಕವರೆಲ್ಲ ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ' ಓದಿ, ಯುರೋಪು ಕಂಡಷ್ಟೇ ತೃಪ್ತರಾದರು. ಆಮೇಲೆ ದುಡ್ಡು ಕೂಡಿ ಬಂದವರು ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಟೂರಿನ ಬಸ್ಸು ಹತ್ತಿದರು. ಕಾಶಿ, ಪ್ರಯಾಗ, ಗಯೆ ಒಂದೇ ಏಟಿಗೆ ಮುಗಿಸುವ ಯಾತ್ರೆಯ ಅಭ್ಯಾಸವನ್ನೇ ಅಲ್ಲೂ ನಡೆಸಿದರು. ಅವರ ಆಲ್ಬಮ್ ತೆರೆದು ನೋಡು, ಎಲ್ಲರೂ ಯಾವುದೋ ಗೋಪುರದ ಮುಂದೆ ಸಾಲಾಗಿ ನಿಂತಿರುತ್ತಾರೆ. ಯಾವ ಊರಿನದೆಂದು ಕೇಳಿದರೆ ಗಂಡ ಹೆಂಡತಿ ಜಗಳಕ್ಕೆ ಬೀಳುತ್ತಾರೆ. ಇಲ್ಲದವರ ಆತುರ ಅದು, ಅರ್ಥವಾಗುತ್ತದೆ. ವಯಸ್ಸು, ಸಂಬಳ ಎರಡೂ ಇರುವ ನೀವು ಹಾಗೇ ಓಡುವುದು ಶುದ್ಧ ದಡ್ಡತನ. ಬೈದೆನೆಂದು ಮುಖ ಊದಿಸಬೇಡ. ವಿಯೆನ್ನಾ, ಬುಡಾಪೆಸ್ಟ್ ಎರಡನ್ನೇ ಇಟ್ಟುಕೊಂಡು ಮಿಕ್ಕ ಊರು ಬಿಡಿ.

ಹೋಗಲಿ, ಬೇಸಿಗೆಯಲ್ಲೇ ಹೋಗಬಹುದಿತ್ತಲ್ಲ ಎನ್ನುವವರೂ ಇದ್ದಾರೆ. ಅವರ ಮಾತು ಕೇಳಬೇಡಿ. ಕತ್ತಲಾದಂತೆ ಒಳಗಿನ ಬದುಕು ತೆರೆದುಕೊಳ್ಳುವ ಊರುಗಳು ಅವು. ಜುಲೈ, ಆಗಸ್ಟಿನಲ್ಲಿ ವಿಯೆನ್ನಾದ ಸ್ಟೇಟ್ ಆಪೆರಾಕ್ಕೆ ರಜೆ. ಚಳಿಗಾಲದಲ್ಲಾದರೆ ನಿಂತು ನೋಡುವ ಅಗ್ಗದ ಟಿಕೆಟ್ಟೂ ಉಂಟು. ಅಲ್ಲಿನ ಹಳೆಯ ಕಾಫಿ ಮನೆಗಳಲ್ಲಿ ಪುಟ್ಟ ಲೋಹದ ಟ್ರೇಯಲ್ಲಿ ಕಾಫಿಯ ಪಕ್ಕ ಒಂದು ಲೋಟ ನೀರಿಟ್ಟು ತರುತ್ತಾರೆ. ಅದೊಂದರ ಮೇಲೇ ಗಂಟೆಗಟ್ಟಲೆ ಕೂತರೂ ಏಳಿ ಎನ್ನುವುದಿಲ್ಲ. ನಿಂತೇ ಕುಡಿದು ಹೊರಡುವ ನಮ್ಮ ದರ್ಶಿನಿಗಳಿಗೆ ಗೊತ್ತಿಲ್ಲದ ಸುಖ. ಅಲ್ಲಿಂದ ಬುಡಾಪೆಸ್ಟಿಗೆ ರೈಲಿನಲ್ಲಿ 3 ಗಂಟೆಯೊಳಗಿನ ದಾರಿ. 1913ರಲ್ಲಿ ಶುರುವಾದ ಸೆಚೆನಿ ಸ್ನಾನಗೃಹದಲ್ಲಿ ಬಯಲಲ್ಲೇ ಬಿಸಿನೀರಿನ ಕೊಳ. ಎದೆಮಟ್ಟ ನೀರಿನಲ್ಲಿ ನಿಂತು, ಆವಿಯ ನಡುವೆ ಚೆಸ್ ಆಡುವವರನ್ನು ನೋಡಲು ಡಿಸೆಂಬರೇ ಸರಿ, ಜುಲೈ ಅಲ್ಲ.

ಹೆಚ್ಚು ದಿನ ಉಳಿಯುವ ದೇಶಕ್ಕೇ ವೀಸಾ ಅರ್ಜಿ ಹಾಕಬೇಕು, ಹಾಗಾಗಿ ಈಗಲೇ ಕೂತು ಯೋಚಿಸಿ. ಡಿಸೆಂಬರ್ 24ರ ಮಧ್ಯಾಹ್ನದ ಮೇಲೆ ವಿಯೆನ್ನಾದಲ್ಲಿ ಅಂಗಡಿ ಮುಚ್ಚುತ್ತವೆ. ಬ್ರೆಡ್ಡು, ಹಣ್ಣು ಮೊದಲೇ ತಂದಿಟ್ಟುಕೊಳ್ಳಿ. ಅಳಿಯಂದಿರಿಗೆ ಪ್ಯಾರಿಸ್ ಬಿಡಲು ಮನಸ್ಸಿಲ್ಲದಿದ್ದರೆ ವಿಯೆನ್ನಾ ಬಿಟ್ಟು ಅದನ್ನೇ ಹಿಡಿಯಲಿ, ನನಗೇನೂ ಬೇಸರವಿಲ್ಲ. ಆದರೆ ಎರಡೇ ಊರು.

ಇತಿ,
ನಿನ್ನ ದೊಡ್ಡಪ್ಪ